ಸುಗುಣ ಕೇಳುವ ಎರಡನೇ ಪ್ರಶ್ನೆ

ಸುಗುಣಳಿಗೆ ಎಂಟು ತಿಂಗಳ ಸಂಬಳ ಇನ್ನೂ ಬಾಕಿ ಇದೆ. ಕೊಡಬೇಕಾದವರು ಕುಂದಾಪುರದ ರತ್ನಾಕರ. ಅವಳು ದುಡಿದದ್ದು ೧೯೯೯ರಲ್ಲಿ. ಆಮೇಲೆ ರತ್ನಾಕರ ಎರಡು ಸಲ ಕಾರು ಬದಲಿಸಿದರು, ಮಗಳ ಮದುವೆ ಮಾಡಿದರು, ಸಾಫ್ಟ್‌ವೇರ್ ಕೆಲಸ ಹುಡುಕುವ ಮಕ್ಕಳಿಗೆ ಊರೂರಲ್ಲಿ ಭಾಷಣ ಮಾಡುವ ಮಟ್ಟಕ್ಕೆ ಬಂದರು. ಸಂಬಳ ಮಾತ್ರ ಕೊಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುಗುಣ ಹೆತ್ತಮ್ಮನನ್ನೂ ನಂಬದ ಹೆಂಗಸು ಎಂದು ಅವಳ ಊರು ನಾವುಂದದಲ್ಲಿ ಆಡಿಕೊಳ್ಳುವವರು ಬಹಳ ಮಂದಿ ಇದ್ದಾರೆ. ನಂಬಿದಾಗ ಏನಾಯಿತು ಎಂದು ಅವರಲ್ಲಿ ಒಬ್ಬರೂ ಕೇಳಿದ್ದಿಲ್ಲ.

ಅವಳ ಅಪ್ಪ ನಾವುಂದದ ಕಡಲಲ್ಲಿ ಬಲೆ ಎಳೆಯುತ್ತಿದ್ದವ. ಅಕ್ಕ ವನಜ ಹತ್ತನೇ ಕ್ಲಾಸಿಗೆ ನಿಂತಳು, ಸುಗುಣ ಬಿಎಸ್ಸಿ ಮಾಡಿದಳು. ಆ ಕಾಲಕ್ಕೆ ಕುಂದಾಪುರದ ಓಣಿ ಓಣಿಯಲ್ಲಿ ಕಂಪ್ಯೂಟರ್ ಕ್ಲಾಸು. ಕಲಿತ ಮೇಲೆ ಎಲ್ಲಿ ಕೆಲಸ ಎಂದು ಕೇಳಿದರೆ ಕ್ಲಾಸಿನವರು ಮುಂದಿನ ಕೋರ್ಸಿನ ಹೆಸರು ಹೇಳುತ್ತಿದ್ದರು. ಕೆಲಸ ಅಂತ ಇದ್ದದ್ದು ಬಟ್ಟೆ ಅಂಗಡಿಯ ಮೇಲಿನ ರತ್ನಾಕರರ ರೂಮಿನಲ್ಲಿ. ಹುಬ್ಬಳ್ಳಿಯಿಂದ ಮುಂಬೈಯವರೆಗೆ ನಮ್ಮ ಕಡೆಯವರ ಹೋಟೆಲುಗಳು ಎಷ್ಟಿವೆ ಎಂದು ನಿಮಗೆ ಗೊತ್ತು. ಆ ಹೋಟೆಲುಗಳಿಗೆ ಬಿಲ್ಲು ಹಾಕುವ ಪ್ರೋಗ್ರಾಂ ಬರೆದು ಮಾರುವುದು ರತ್ನಾಕರರ ಯೋಚನೆ. ಯೋಚನೆ ಅವರದ್ದು, ಬರೆಯುವುದಕ್ಕೆ ಜನ ಬೇಕಿತ್ತು.

ಕೆಲಸ ಕೇಳಲು ಸುಗುಣಳ ಜೊತೆ ಅಮ್ಮನೂ ಹೋದಳು. ರತ್ನಾಕರ ಅವಳಿಗೆ ಏನು ಬರುತ್ತದೆ ಎಂದು ಕೇಳಲಿಲ್ಲ.

"ನಾವುಂದಂಗೆ ಎಲ್ಲಾಯ್ತ್? ಯಾರ್ ಪೈಕಿ?" ಎಂದರು.

ಅಮ್ಮ ತನ್ನ ತವರುಮನೆಯ ಹೆಸರು ಹೇಳಿದಳು. ರತ್ನಾಕರರ ಅಜ್ಜಿಯ ಮನೆಗೂ ಆ ಮನೆಗೂ ಹಿಂದೆ ಹೊಕ್ಕುಬಳಕೆ ಇತ್ತೆಂದು ಗೊತ್ತಾಯಿತು. ಚಾ ಬಂತು. ಅಮ್ಮ ಹಿಗ್ಗಿದಳು. "ಮನಿಯವಳ್ ಹಾಂಗೇ ಇರ್ಲಿ" ಎಂದರು ರತ್ನಾಕರ. ಅಲ್ಲಿಗೆ ಇಂಟರ್‌ವ್ಯೂ ಮುಗಿಯಿತು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಲ್ಲಿಗೆ ಹೋದರೂ ನಮ್ಮ ಜನ ಹೊಸಬರನ್ನು ಕಂಡರೆ ಕೇಳುವುದು ಇದೊಂದನ್ನೇ: ಯಾರ ಪೈಕಿ? ಅಂದರೆ ಯಾವ ಮನೆಯವರು, ಯಾರಿಗೆ ಏನಾಗಬೇಕು. ಉತ್ತರದಲ್ಲಿ ಒಂದು ಪರಿಚಯದ ಹೆಸರು ಸಿಕ್ಕಿತೋ, ಉಳಿದ ಪ್ರಶ್ನೆಗಳೆಲ್ಲ ಅಲ್ಲೇ ಸಾಯುತ್ತವೆ. ಸಂಬಳ ಎಷ್ಟು ಎಂದು ಕೇಳಿದರೆ ಸಂಬಂಧಕ್ಕೆ ಅವಮಾನ. ನಾನು ಹಂಚಿನ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟುತ್ತಿದ್ದಾಗ ಓವರ್‌ಟೈಮು ಕೇಳಿದವನಿಗೂ ಮೇಸ್ತ್ರಿ ಹೀಗೇ ಹೇಳುತ್ತಿದ್ದ, ನೀನು ನಮ್ಮವನಲ್ಲವೋ ಎಂದು. ಮನೆಯವಳ ಹಾಗೆ ಎಂದರೆ ಏನೆಂದು ಸುಗುಣಳ ಅಮ್ಮನಿಗೆ ಹೊಳೆಯಬೇಕಿತ್ತು. ಅವಳು ಇಡೀ ಜನ್ಮ ಒಂದು ಮನೆಗೆ ದುಡಿದವಳು, ಯಾರು ಕೊಟ್ಟರು ಅವಳಿಗೆ ಸಂಬಳ?

ಬಿಲ್ಲಿನ ಪ್ರೋಗ್ರಾಂ ಪೂರ್ತಿ ಬರೆದದ್ದು ಸುಗುಣ. ಟೇಬಲ್ಲಿನ ಲೆಕ್ಕ, ಪಾರ್ಸೆಲ್ಲಿನ ಲೆಕ್ಕ, ಕ್ಯಾಷಿಯರು ಸಂಜೆ ಗಲ್ಲಾಪೆಟ್ಟಿಗೆ ಮುಚ್ಚುವ ಲೆಕ್ಕ. ಇಸವಿ ಎರಡು ಸಾವಿರ ಆದಾಗ ಕಂಪ್ಯೂಟರೆಲ್ಲ ಸಾಯುತ್ತವಂತೆ ಎಂದು ಹೆದರಿದ ಹೋಟೆಲಿನವರು ಫೋನ್ ಮಾಡಿದಾಗ ಅವರಿಗೆ ಸಮಾಧಾನ ಹೇಳಿದ್ದೂ ಅವಳೇ. ರತ್ನಾಕರ ದುಡ್ಡು ಎಣಿಸಿಕೊಂಡರು. ಕಡೆಗೊಂದು ದಿನ ಅವಳು ಬಾಯಿಬಿಟ್ಟಳು.

"ರತ್ನಾಕರಣ್ಣ, ಸಂಬಳದ್ ಎಂತ ಮಾಡಿದ್ರಿ?"

"ಎಂತ ಮಾರಾಯ್ತಿ, ಸಾಫ್ಟ್‌ವೇರ್ ಅಂದ್ರೆ ಹಾಂಗೇ. ಮೊದ್ಲ್ ಅನುಭವ, ಕಡೆಗೆ ಸಂಬಳ. ಬೆಂಗ್ಳೂರಂಗೆ ಇದನ್ನ್ ಕಲುಕೆ ಜನ ದುಡ್ ಕೊಡ್ತ್ರ್. ನಾನ್ ನಿನ್ ಹತ್ರ ತಕಂಡ್ನಾ?"

ಸುಗುಣ ಮರುದಿನದಿಂದ ಹೋಗಲಿಲ್ಲ, ಅದೇ ಉತ್ತರ. ನಂತರದ ಮದುವೆ ಮುಂಜಿಗಳಲ್ಲಿ ರತ್ನಾಕರರ ಕಡೆಯವರು ಅವಳ ಅಮ್ಮನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಬಾಕಿ ಇಟ್ಟವರಿಗೆ ಮರ್ಯಾದೆ, ಕೇಳಿದವರಿಗೆ ಕೆಟ್ಟ ಹೆಸರು. ಇದು ಹೊಸ ಕತೆಯೇನಲ್ಲ.

ಸುಗುಣ ಆಮೇಲೆ ಸ್ವಂತ ನಿಂತಳು. ಸೊಸೈಟಿಗಳ ಪಿಗ್ಮಿ ಲೆಕ್ಕ, ಅಕ್ಕಿ ಮಿಲ್ಲಿನ ತೂಕದ ಲೆಕ್ಕ, ಯಾರ ಪ್ರೋಗ್ರಾಂ ಕೆಟ್ಟರೂ ಅವಳಿಗೆ ಕರೆ. ಕೆಲಸಕ್ಕೆ ಕೈ ಹಾಕುವ ಮೊದಲು ಅರ್ಧ ದುಡ್ಡು ಇಡಿಸಿಕೊಳ್ಳುತ್ತಾಳೆ. ಯಾರಾದರೂ ಹೊಗಳಿದರೆ ತನ್ನ ಚೀಲ ಎಲ್ಲಿದೆ ಎಂದು ನೋಡಿಕೊಳ್ಳುತ್ತಾಳೆ. ಇಂಜಿನಿಯರಿಂಗ್ ಮುಗಿಸಿದ ಮಕ್ಕಳು ಅವಳ ಹತ್ತಿರ ಬಂದು ಜಾವಾ ಕಲಿಯಲಾ, ಡಾಟ್‌ನೆಟ್ ಕಲಿಯಲಾ ಎಂದು ಕೇಳುವುದುಂಟು.

"ಯಾವ್ದಾರೂ ಕಲಿ. ಐದ್ ವರ್ಷಕ್ಕೆ ಅದ್ ಹಳತಾತ್ತ್, ಮತ್ತೊಂದ್ ಕಲೂಕಾತ್ತ್. ಅದಲ್ಲ ಕೇಂಬುದ್. ನಿನ್ ಮುಂಚೆ ಆ ಕುರ್ಚಿಯಂಗೆ ಕೂಕಂಡಿದ್ದವ್ರ್ ಈಗ ಎಲ್ಲಿದ್ರ್? ಅವ್ರಿಗೊಂದ್ ಫೋನ್ ಮಾಡ್."

ಇದು ಅವಳ ಎರಡನೇ ಪ್ರಶ್ನೆ. ಯಾರ ಪೈಕಿ ಎಂದು ಕೇಳಿ ಮುಗಿದ ಮೇಲೆ ನಮ್ಮ ಜನ ಕೇಳದೆ ಬಿಡುವುದು. ಮಕ್ಕಳಿಗೆ ಇದು ರುಚಿಸುವುದಿಲ್ಲ. ಅವರಿಗೆ ಬೇಕಾದ್ದು ಭಾಷೆಯ ಹೆಸರು.

ರುಚಿಸದವರಲ್ಲಿ ಅಕ್ಕನ ಮಗಳು ವಿಜೇತಾಳೂ ಒಬ್ಬಳು. ೨೦೧೨ರಲ್ಲಿ ಅವಳ ಓದು ಮುಗಿಯಿತು. ಕುಂದಾಪುರದಲ್ಲಿ ಕೀರ್ತನ್ ಎಂಬ ಹುಡುಗ ಮೊಬೈಲ್ ಆ್ಯಪ್ ಮಾಡುವ ಆಫೀಸು ತೆರೆದಿದ್ದ. ವಿಜೇತಾಳನ್ನು ಕರೆದುಕೊಂಡು ವನಜ ಅಲ್ಲಿಗೆ ಹೋದಳು. ಯಾರ್ ಪೈಕಿ? ಕೀರ್ತನ್ ಹೆಮ್ಮಾಡಿಯ ಸ್ನೇಹಲತಾಳ ಮಗ. ಸ್ನೇಹಲತಾ ಎಂದರೆ ಶಾಲೆಯಲ್ಲಿ ವನಜಳ ಪಕ್ಕದಲ್ಲೇ ಕೂರುತ್ತಿದ್ದವಳು! ಮುಗಿಯಿತಲ್ಲ. ಎರಡು ವರ್ಷ ಬಿಟ್ಟು ಹೋಗುವುದಿಲ್ಲ ಎಂಬ ಬಾಂಡಿಗೆ ವಿಜೇತಾ ಸಹಿ ಹಾಕಿದಳು. ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಅಲ್ಲೇ ಇಟ್ಟುಬಂದಳು. ಸಂಬಳ ಟ್ರೈನಿಂಗ್ ಮುಗಿದ ಮೇಲೆ. ಟ್ರೈನಿಂಗ್ ಯಾವಾಗ ಮುಗಿಯುತ್ತದೆ ಎಂದು ಯಾರೂ ಕೇಳಲಿಲ್ಲ. ಸುಗುಣಳಿಗೆ ಹೇಳಲೂ ಇಲ್ಲ. ಅವಳು ಕಲ್ಲು ಹಾಕುತ್ತಾಳೆ ಎಂಬ ಹೆದರಿಕೆ.

ಅಷ್ಟರಲ್ಲಿ ಮಂಗಳೂರಿನ ಕಂಪನಿಯೊಂದರಿಂದ ವಿಜೇತಾಳಿಗೆ ಕರೆ ಬಂತು. ಕಾಲೇಜಿನಲ್ಲಿದ್ದಾಗ ಬರೆದಿದ್ದ ಪರೀಕ್ಷೆ, ಪಾಸಾಗಿದ್ದಳು. ಸೋಮವಾರ ಬೆಳಿಗ್ಗೆ ಒರಿಜಿನಲ್ ಮಾರ್ಕ್ಸ್ ಕಾರ್ಡು ತಂದು ತೋರಿಸಬೇಕು, ಇಲ್ಲದಿದ್ದರೆ ಕೆಲಸ ಮತ್ತೊಬ್ಬರಿಗೆ. ಕೀರ್ತನ್ ಕೊಡುವುದಿಲ್ಲ ಎಂದ. ಶುಕ್ರವಾರ ವನಜ ಅಳುತ್ತ ತಂಗಿಯ ಮನೆಗೆ ಬಂದಳು. ಸುಗುಣ ಬೈಯಲಿಲ್ಲ. "ಶನಿವಾರ ಅವ್ನ್ ಆಫೀಸ್ ಇತ್ತಾ?" ಎಂದಷ್ಟೇ ಕೇಳಿದಳು.

ಶನಿವಾರ ಬೆಳಿಗ್ಗೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಅವಳು ಹೇಳಿದ್ದು ಇಷ್ಟು: "ಸಾಕ್ಷಿಗೆ ಒಬ್ರ್ ಬೇಕ್, ಬನ್ನಿ. ಆದ್ರೆ ಬಾಯ್ ಬಿಡ್ಬೇಡಿ. ನೀವ್ ಬಾಯ್ ಬಿಟ್ರೆ ಅದ್ ಯೂನಿಯನ್ ವಿಷ್ಯ ಆತ್ತ್."

ಹೋದೆ. ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತೆ.

ಒಳ್ಳೆಯ ಆಫೀಸು. ಗಾಜಿನ ಬಾಗಿಲು, ಗೋಡೆಗೆ ಇಂಗ್ಲಿಷ್ ಮಾತುಗಳ ಬಣ್ಣದ ಹಾಳೆ. ಕೆಲಸ ಮಾಡುತ್ತಿದ್ದ ಮೂವರೂ ಎಳೆಯರೇ. ಅಲ್ಲಿ ವರ್ಷ ದಾಟಿಸಿದ ಹಳಬರು ಒಬ್ಬರೂ ಕಾಣಲಿಲ್ಲ. ಸುಗುಣ ಅದನ್ನು ನೋಡಿದ್ದನ್ನು ನಾನು ನೋಡಿದೆ.

"ಬನ್ನಿ ಅಕ್ಕ, ಕೂಕಣಿ. ಎಂತ ಕುಡೀತ್ರಿ?" ಕೀರ್ತನ್ ಎದ್ದು ನಿಂತ. ಮಾತು ಬೆಣ್ಣೆ.

"ಎಂತದೂ ಬೇಡ. ವಿಜೇತಾಳ ಮಾರ್ಕ್ಸ್ ಕಾರ್ಡ್ ಕೊಡ್."

"ಅದ್ ಇಲ್ಲಿಲ್ಲೆ ಅಕ್ಕ. ಪಾರ್ಟ್ನರ್ ಬೈಂದೂರಂಗಿದ್ರ್, ಅವ್ರ್ ಲಾಕರಂಗಿತ್ತ್. ಅವ್ರ್ ಈಗ ಊರಂಗಿಲ್ಲೆ, ಬಪ್ಪುದ್ ಬುಧವಾರ."

"ಹೌದಾ? ಅಡ್ಡಿಲ್ಲೆ. ಕೂಕಂತೆ."

"ಬುಧವಾರದ್ ತನಕವಾ?"

"ನಂಗೆಂತ ಕೆಲ್ಸ ಇತ್ತ್? ನಾನ್ ನಿಮ್ಮ್ ಮನಿಯವಳ್ ಹಾಂಗೇ ಅಲ್ದಾ?"

ಕುರ್ಚಿಯನ್ನು ಬಾಗಿಲಿಗೆ ಮುಖ ಮಾಡಿ ಎಳೆದುಕೊಂಡು ಕೂತಳು. ಕೂಗಾಟ ಇಲ್ಲ, ಘೋಷಣೆ ಇಲ್ಲ. ನಾನು ಜೀವಮಾನದಲ್ಲಿ ಕಂಡ ಧರಣಿಗಳಲ್ಲಿ ಇಷ್ಟು ಸದ್ದಿಲ್ಲದ್ದು ಬೇರೊಂದಿಲ್ಲ. ಕೀರ್ತನ್ ಒಂದೆರಡು ಸಲ ಫೋನ್ ಹಿಡಿದು ಹೊರಗೆ ಹೋಗಿ ಬಂದ. ಯಾರಿಗೆ ಮಾಡಿದನೋ, ಮಾಡಿದಂತೆ ನಟಿಸಿದನೋ.

ಮೊದಲು ಬಂದ ಗಿರಾಕಿ ಬಸ್ರೂರಿನ ಚಂದ್ರ. ಸಣ್ಣ ಹೋಟೆಲು ಇಟ್ಟವರು. ಕೈಯಲ್ಲಿ ಒಂದು ದೊಡ್ಡ ಬಾಳೆಹಣ್ಣಿನ ಚಿಪ್ಪು. ಅವರ ಮಗಳು ಬಿಸಿಎ ಮುಗಿಸಿದ್ದಳು.

"ಹ್ವಾಯ್, ಕೀರ್ತನ್ ಇದ್ರಾ?"

ಸುಗುಣ ಎದ್ದು ಕೈ ಮುಗಿದಳು. "ಇದ್ರ್, ಬನ್ನಿ. ನೀವ್ ಎಲ್ಲಾಯ್ತ್? ಯಾರ್ ಪೈಕಿ?"

ಚಂದ್ರ ಹೇಳಿದರು, ಮಗಳ ಕೆಲಸಕ್ಕೆಂದು ಬಂದದ್ದನ್ನೂ ಹೇಳಿದರು. ಅವರ ಅತ್ತೆಯ ಮನೆ ಹೆಮ್ಮಾಡಿಯಲ್ಲಿ.

"ಹೆಮ್ಮಾಡಿಯಾ! ಹಂಗಾರೆ ಇವ್ರ್ ಅಬ್ಬಿ ಸ್ನೇಹಲತಕ್ಕ ನಿಮ್ಗೆ ಗೊತ್ತಿಪ್ಪುಕೇ ಬೇಕ್."

"ಗೊತ್ತಿಲ್ದೆ? ನಮ್ಮ್ ಮನಿಯವಳಿಗೆ ದೊಡ್ಡಮ್ಮನ ಮಗಳ್ ಆಯ್ಕ್."

"ಒಳ್ಳೇದಾಯ್ತ್. ನಾನ್ ಎಂತಕೆ ಕೂಕಂಡದ್ ಅಂದ್ರೆ, ನಮ್ಮ್ ಅಕ್ಕನ ಮಗಳ್ ಮಾರ್ಕ್ಸ್ ಕಾರ್ಡ್ ಇವ್ರ್ ಕೊಡುದಿಲ್ಲೆ ಅಂತ್ರ್. ಸೋಮವಾರ ಕಾಣ್ಸದಿದ್ರೆ ಹೆಣ್ಣಿನ್ ಕೆಲ್ಸ ಹೋತ್ತ್. ನಿಮ್ಮ್ ಮಗಳದ್ದೂ ತಂದಿದ್ರ್ಯಾ? ಒರಿಜಿನಲ್ಲೇ ಕೇಂತ್ರ್, ಜೆರಾಕ್ಸ್ ಆಪುದಿಲ್ಲೆ."

ಚಂದ್ರ ಕೀರ್ತನನನ್ನು ನೋಡಿದರು. ಕೀರ್ತನ್ ಕಂಪ್ಯೂಟರನ್ನು ನೋಡಿದ. "ಕಡೆಗ್ ಬತ್ತೆ" ಎಂದು ಚಂದ್ರ ತಿರುಗಿದರು. ಮೆಟ್ಟಿಲಿನವರೆಗೆ ಹೋಗಿ ಮತ್ತೆ ಬಂದರು. ಮೇಜಿನ ಮೇಲಿಟ್ಟಿದ್ದ ಬಾಳೆಹಣ್ಣು ಎತ್ತಿಕೊಂಡು ಹೋದರು.

ಊಟದ ಹೊತ್ತಿನ ತನಕ ಇದೇ. ಪ್ರಿಂಟರ್ ರಿಪೇರಿಯವನು, ಬಾಡಿಗೆ ಕೇಳಲು ಬಂದ ಕಟ್ಟಡದ ಮಾಲೀಕರು, ಆ್ಯಪ್ ಮಾಡಿಸಬೇಕೆಂದು ಬಂದ ಮೀನು ವ್ಯಾಪಾರಿ ಗಣಪ, ಬಂದವರನ್ನೆಲ್ಲ ಸುಗುಣ ನಗುನಗುತ್ತ ಒಂದೇ ಪ್ರಶ್ನೆ ಕೇಳಿದಳು. ಹೆಮ್ಮಾಡಿಗೆ ನಂಟಿರುವವರಿಗೆ ಕತೆಯನ್ನು ಇನ್ನಷ್ಟು ವಿವರವಾಗಿ ಹೇಳಿದಳು. ಗಣಪ ಮಾತ್ರ ಅಂಜಲಿಲ್ಲ. "ಕೊಡಾ ಮಾರಾಯಾ, ಹೆಣ್ಮಕ್ಕಳ್ ಕಾಗ್ದ ಇಟ್ಕಂಡ್ ಎಂತ ಉಪ್ಪಿನಕಾಯಿ ಹಾಕ್ತ್ಯಾ?" ಎಂದು ಎದುರಿಗೇ ಹೇಳಿಬಿಟ್ಟ. ಕೆಲಸ ಮಾಡುತ್ತಿದ್ದ ಎಳೆಯರಲ್ಲಿ ಒಬ್ಬಳು ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ಕಾರ್ಡೂ ಅಲ್ಲೇ ಇತ್ತಲ್ಲ.

ಮಧ್ಯಾಹ್ನ ಕೀರ್ತನನ ಫೋನ್ ಹೊಡೆದುಕೊಂಡಿತು. ಹೆಮ್ಮಾಡಿಯಿಂದ ಅವನ ಅಮ್ಮ. ಅವಳ ಸ್ವರ ನನ್ನ ಸ್ಟೂಲಿನವರೆಗೂ ಕೇಳುತ್ತಿತ್ತು.

"ಎಂತದಾ ಅದ್? ವನಜನ ಮಗಳ್ ಕಾಗ್ದ ಇಟ್ಕಂಡಿದ್ಯಂಬ್ರಲಾ? ನಾನ್ ಇನ್ನ್ ಮದಿಮನಿಗೆ ಯಾವ್ ಮುಖ ಹೊತ್ಕಂಡ್ ಹೋಪುದ್?"

"ಅಮ್ಮ, ಅದ್ ಬಿಸಿನೆಸ್ಸಂಗೆ..."

"ನಿನ್ ಬಿಸಿನೆಸ್ಸಿಗೆ ಬೆಂಕಿ ಹಾಕ್. ಕೊಡ್ ಅದನ್ನ್!"

ಬೈಂದೂರಿನ ಲಾಕರು ಅವನ ಮೇಜಿನ ಕೆಳಗಿನ ಡ್ರಾಯರಿನಲ್ಲೇ ಇತ್ತು. ಪ್ಲಾಸ್ಟಿಕ್ ಫೈಲು ತೆಗೆದು ಮೇಜಿನ ಮೇಲೆ ಎಸೆದ. ಮೋರೆ ಕೆಂಪಾಗಿತ್ತು.

"ಅಕ್ಕ, ನಾನೊಬ್ನೇ ಮಾಡ್ತದಾ ಇದ್? ಕಲ್ಸಿದ್ ಕೂಡ್ಲೆ ಓಡ್ ಹೋದ್ರೆ ನಾನ್ ಎಂತ ಮಾಡ್ಕ್? ನಂಗ್ಯಾರೂ ಕೊಡ್ಲಿಲ್ಲೆ ಸಂಬಳ. ರತ್ನಾಕರಣ್ಣನ್ ಹತ್ರ ಒಂದ್ ವರ್ಷ ಪುಕ್ಕಟೆ ದುಡ್ದೆ. ಹಾಂಗೇ ಕಲ್ತದ್ ನಾನ್!"

ಸುಗುಣ ಫೈಲಿಗೆ ಚಾಚಿದ್ದ ಕೈಯನ್ನು ಹಿಂದೆ ತೆಗೆದು ಅವನನ್ನೇ ನೋಡಿದಳು. ಆ ದಿನ ಅವಳು ಅವನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

"ನೀನೂ ಕೇಣ್ಲಿಲ್ಯಾ?"

"ಕೇಂಡೆ. ಮೊದ್ಲ್ ಅನುಭವ ಅಂದ್ರ್."

"ಅವ್ರ್ ನಿಂಗೆ ಕಲ್ಸಿದ್ ಅದೊಂದೇ. ನೀನ್ ಈ ಮಕ್ಕಳಿಗೆ ಕಲ್ಸುದೂ ಅದನ್ನೇ" ಎಂದು ಆ ಮೂವರ ಕಡೆ ಕೈ ತೋರಿಸಿದಳು. ಅವನ ಮೇಲೆ ಅವಳಿಗೆ ಕನಿಕರ ಬಂದಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಫೈಲು ಬಿಚ್ಚಿ ಒಂದೊಂದೇ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಸೀಲಿನ ಮೇಲೆ ಹೆಬ್ಬೆಟ್ಟು ಉಜ್ಜಿದಳು, ಕಲರ್ ಜೆರಾಕ್ಸ್ ಕೊಟ್ಟಿರಬಹುದೆಂಬ ಸಂಶಯ. ಎಲ್ಲ ಸರಿ ಇದೆ ಎಂದು ಗೊತ್ತಾದ ಮೇಲೆ ಆ ಎಳೆಯರಿಗೆ, "ನಿಮ್ಮದ್ದೂ ಇದೇ ಡ್ರಾಯರಂಗಿತ್ತ್. ಈಗ ಅದ್ ತೆರ್ದಿತ್ತ್, ಕಾಣಿ" ಎಂದಳು. ಇಬ್ಬರು ಎದ್ದರು. ಒಬ್ಬ ಏಳಲಿಲ್ಲ. ಅವನು ಕೀರ್ತನನ ಸೋದರತ್ತೆಯ ಮಗನಂತೆ.

ವಿಜೇತಾ ಉಪಕಾರ ಸ್ಮರಣೆ ಮಾಡಲಿಲ್ಲ. "ಇಡೀ ಕುಂದಾಪ್ರಕ್ಕೆ ನನ್ ಹೆಸ್ರ್ ಗೊತ್ತಾಯ್ತ್ ಚಿಕ್ಕಮ್ಮ" ಎಂದು ಮುಖ ಊದಿಸಿದಳು. ಸುಗುಣಳಿಗೆ ಅದು ಕೇಳಿಸಲೇ ಇಲ್ಲ. ಅವಳ ತಲೆಯಲ್ಲಿ ಆಗಲೇ ಮಂಗಳೂರು.

"ಅಲ್ಲಿ ನಿನ್ ಮುಂಚೆ ಯಾರಿದ್ದದ್?"

"ಇನ್ನೂರ್ ಜನ ಇದ್ರ್ ಅಲ್ಲಿ. ಯಾರಿಗಂದೇಳಿ ಫೋನ್ ಮಾಡುದ್?"

"ಬಿಟ್ ಹೋದವ್ರಿಗೆ ಮಾಡ್."

ಸೋಮವಾರ ಕಾರ್ಡು ತೋರಿಸಿ ವಿಜೇತಾ ಕೆಲಸಕ್ಕೆ ಸೇರಿದಳು. ಕಂಪನಿಯವರು ನೋಡಿ ಅಲ್ಲೇ ವಾಪಸು ಕೊಟ್ಟರಂತೆ. ಬಾಂಡಿನ ಮಾತನ್ನು ಕೀರ್ತನ್ ಮತ್ತೆ ಎತ್ತಲಿಲ್ಲ. ತಿಂಗಳ ಕೊನೆಗೆ ಸಂಬಳ ಬಂತು. ಎರಡನೇ ತಿಂಗಳೂ ಬರಲಿ, ಆಮೇಲೆ ನೋಡುವ ಎಂದಳು ಸುಗುಣ.

ಕಳೆದ ತಿಂಗಳು ಬ್ರಹ್ಮಾವರದಲ್ಲಿ ಒಂದು ಸಂಘದವರು ವೃತ್ತಿ ಮಾರ್ಗದರ್ಶನ ಶಿಬಿರ ಮಾಡಿದರು. ಮುಖ್ಯ ಅತಿಥಿ ರತ್ನಾಕರ. ಶಾಲು, ಹಾರ, ಹಣ್ಣಿನ ಬುಟ್ಟಿ. ಸಾಫ್ಟ್‌ವೇರಿಗೆ ಹೋಗುವ ಮಕ್ಕಳು ಮೊದಲು ಅನುಭವ ನೋಡಬೇಕು, ಸಂಬಳ ತಾನಾಗಿ ಹಿಂದೆ ಬರುತ್ತದೆ ಎಂದು ಮುಕ್ಕಾಲು ಗಂಟೆ ಹೇಳಿದರು. ಮಕ್ಕಳು ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಸುಗುಣ ಎದ್ದು ನಿಂತು, "ನಿಮ್ಮಲ್ಲಿ ಮೊದಲು ಕೆಲಸ ಮಾಡಿದವರ ಹೆಸರು ಹೇಳ್ತೀರಾ?" ಎಂದಳು. ಸಂಘದ ಕಾರ್ಯದರ್ಶಿ ಮೈಕು ಕಸಿದುಕೊಂಡು ಸಮಯದ ಅಭಾವ ಎಂದ. ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು.

ಇದನ್ನು ಓದುತ್ತಿರುವ ನೀವೂ ಯಾರದ್ದೋ ಪೈಕಿ ಇರುತ್ತೀರಿ, ಅದು ನನಗೆ ಬೇಡ. ನಿಮ್ಮ ಆಫೀಸಿನಲ್ಲಿ, ಅಂಗಡಿಯಲ್ಲಿ ಮನೆಯವಳ ಹಾಗೆ ಇರಲಿ ಎಂದು ಕೂರಿಸಿಕೊಂಡ ಹುಡುಗಿಗೆ ಹೋದ ತಿಂಗಳು ಏನು ಕೊಟ್ಟಿರಿ? ಅವಳ ಮಾರ್ಕ್ಸ್ ಕಾರ್ಡು ಯಾರ ಹತ್ತಿರ ಇದೆ? ಉತ್ತರ ನನಗೆ ಹೇಳಬೇಡಿ. ಎದ್ದು ಹೋಗಿ ಡ್ರಾಯರು ತೆಗೆಯಿರಿ, ಅವಳ ಕೈಗೆ ಕೊಡಿ. ಇವತ್ತೇ.