ಬೋರ್ ಲಾರಿಗೆ ಎತ್ತಿದ ಆರತಿ

ಅಂದು ಬೆಳಿಗ್ಗೆ ರೊಟ್ಟಿ ಬಡಿದು, ಪುಂಡಿಪಲ್ಯ ಮುಚ್ಚಿಟ್ಟು, ಯಜಮಾನರ ಡಬ್ಬಿ ಕಟ್ಟಿ ಕಳಿಸಿ, ಕಟ್ಟೆಯ ಮೇಲೆ ಶೇಂಗಾ ಹಸನು ಮಾಡುತ್ತ ಕೂತಿದ್ದೆ. ಪಕ್ಕದ ಮನೆಯ ನೇಕಾರಗಿತ್ತಿ ಗೋಡೆಯ ಮೇಲಿಂದ ಇಣುಕಿ, ಬೋರ್ ಕೊರೆದವರು ಮಧ್ಯಾಹ್ನ ಶಾಲೆಯಲ್ಲಿ ಸಭೆ ಕರೆದಿದ್ದಾರೆ, ಚಹಾನೂ ಐತಂತ ಎಂದು ಹೇಳಿ ಹೋದಳು.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯ ನಮ್ಮ ಊರಿಗೆ ಆ ಲಾರಿ ಬಂದದ್ದು ಹಿಂದಿನ ತಿಂಗಳು. ನಮ್ಮಲ್ಲಿ ಬೋರು ಕೊರೆಯುವ ಮೊದಲು ಮನೆಯ ಹೆಣ್ಣುಮಗಳು ಆರತಿ ಎತ್ತಬೇಕು, ಇಲ್ಲದಿದ್ದರೆ ನೀರು ಬೀಳದು ಎನ್ನುತ್ತಾರೆ. ಸರಕಾರದ ಲಾರಿಗೆ ಮನೆಯವರು ಯಾರು? ಹೆಂಗಸರೆಲ್ಲ ಸೇರಿ ನನ್ನನ್ನು ಮುಂದೆ ಮಾಡಿದರು. ನೇಕಾರಗಿತ್ತಿಯ ಮಗ್ಗದ ಹಸಿರು ಇಳಕಲ್ ಸೀರೆ ಉಟ್ಟು, ಕೊರೆಯುವ ಪೈಪಿಗೆ ಕುಂಕುಮ ಹಚ್ಚಿ ಆರತಿ ಮಾಡಿದೆ. ಕೊರೆಯುವುದು ನೀರಿಗೇ ಅಲ್ಲವೇ ಎಂದು ನಾವು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಒಬ್ಬ ಮಾತ್ರ ಫೋಟೋ ತೆಗೆದುಕೊಂಡ.

ಬೇರೆ ಬೋರಿನಂತೆ ಪುಡಿ ಹಾರಲಿಲ್ಲ. ಲಟ್ಟಣಿಗೆಯಂಥ ದುಂಡನೆ ಕೆಂಪು ಕಲ್ಲುಗಳು ಹೊರಬಂದವು. ಕೂಸಿನಂತೆ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ನೀರು ಒಸರಿದ ದಿನ ಅವರ ಮುಖ ಸಪ್ಪಗಾಗಿತ್ತು. ನೀರು ಕಂಡು ಬೇಸರಪಡುವ ಬೋರಿನವರನ್ನು ನಾನು ನೋಡಿದ್ದು ಅದೇ ಮೊದಲು. ಅಣುಸ್ಥಾವರದ ಕಸ ಹೂಳಲು ಕಲ್ಲು ಹುಡುಕುತ್ತಿದ್ದಾರೆಂಬ ಸುದ್ದಿ ಆಮೇಲೆ ಮೊಬೈಲಿನಲ್ಲಿ ಹರಿದಾಡಿತು.

ಸಭೆಯಲ್ಲಿ ದೊಡ್ಡ ಸಾಹೇಬರು ಅದನ್ನೇ ಸಕ್ಕರೆ ಹಚ್ಚಿ ಹೇಳಿದರು. ಇದು ಬರೀ ಪರೀಕ್ಷೆ. ಉರಿದ ಇಂಧನವನ್ನು ಬಿರುಕಿಲ್ಲದ, ನೀರು ಒಸರದ ಕಲ್ಲಿನಲ್ಲಿ ಆಳಕ್ಕಿಟ್ಟರೆ ಸಾವಿರಾರು ವರ್ಷ ಭಯವಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಏನೂ ಆಗದು. ಬಾಗಲಕೋಟೆಯ ನನ್ನ ತವರುಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದದ್ದೂ ಇಂಥದೇ ಒಪ್ಪಿಗೆಯ ಮೇಲೆ. ಒಪ್ಪಿಗೆ ಎಂಬ ಮಾತಿನ ರುಚಿ ನನಗೆ ಗೊತ್ತು.

ಮರುಗಳಿಗೆ ಗೋಡೆಗೆ ಕಟ್ಟಿದ ಪರದೆಯ ಮೇಲೆ ನಾನೇ ಬಂದೆ. ಕೈಯಲ್ಲಿ ಆರತಿ, ಮೇಲೆ ‘ಸ್ಥಳೀಯರ ಸ್ವಾಗತ’ ಎಂಬ ಅಕ್ಷರ. ಇಡೀ ಕೋಣೆ ನನ್ನತ್ತ ತಿರುಗಿತು. ಹಿಂದೆ ಕೂತ ಮುದುಕರೊಬ್ಬರು, “ಆರತಿ ಎತ್ತಿ ಕರಕೊಂಡಾರಲ್ಲ, ಇನ್ನ ನಮ್ಮನ್ನೇನ ಕೇಳ್ತೀರಿ?” ಎಂದರು. ಪ್ರಶ್ನೆ ಸಾಹೇಬರಿಗೆ, ಕಣ್ಣು ನನ್ನ ಮೇಲೆ.

ಕೈ ಎತ್ತಿ ಕಾಯಬೇಕೆಂದು ನಾನು ಓದಿದ ಇಂಗ್ಲಿಷ್ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಎತ್ತಿ ಕಾದೆ. ಸಾಹೇಬರು ಇತ್ತ ನೋಡಲಿಲ್ಲ. ಕೈ ಇಳಿಸಿ ಎದ್ದು ನಿಂತೆ.

“ನಾ ಆರತಿ ಮಾಡಿದ್ದು ನೀರಿಗ್ರಿ, ನಿಮ್ಮ ಹೊಲಸಿಗಲ್ಲ. ಆ ಫೋಟೋ ತೆಗೀರಿ.”

“ಬೇಜಾರು ಮಾಡ್ಕೋಬೇಡಿ ಅಮ್ಮ, ಅದು ಬರೀ ಫೋಟೋ.”

“ಬರೀ ಫೋಟೋ ಆದ್ರ ತೆಗಿಯಾಕ ಏನ್ ತ್ರಾಸ್ರಿ?”

ಅವರು ನಕ್ಕು ಗುಂಡಿ ಒತ್ತಿದರು, ಬೇರೆ ಚಿತ್ರ ಬಂತು. ಪಕ್ಕದವನಿಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಅಂದರು, ಇಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ. ನನಗೆ ತಿಳಿಯಿತು. ನಾನು ಜನರತ್ತ ತಿರುಗಿ ನಮ್ಮ ಮಾತಿನಲ್ಲಿ ಹೇಳಿದೆ: “ಫೋಟೋ ಆಗಲೇ ಮ್ಯಾಲಿನವರಿಗೆ ಕಳಿಸ್ಯಾರಂತ. ಊರು ಒಪ್ಪೇತಿ ಅಂತ ಬರದಾರಂತ.”

ಕುರ್ಚಿಗಳು ಹಿಂದೆ ಸರಿದವು. ಸಾಹೇಬರು ಒಪ್ಪಿಗೆ ಕೇಳಿದಾಗ ಒಂದು ಕೈಯೂ ಏಳಲಿಲ್ಲ. ಕೆಟಲಿಯ ಚಹಾ ಕೆನೆಗಟ್ಟಿತು, ಯಾರೂ ಕುಡಿಯಲಿಲ್ಲ. ಜೀಪು ಹತ್ತುವಾಗಲೂ ಸಾಹೇಬರು ನಗುತ್ತಲೇ ಇದ್ದರು. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ. ಮನೆಗೆ ಬರುವಾಗ ಹೆಂಗಸರು ಗುಂಪಾಗಿ ಮುಂದೆ ನಡೆದರು; ನಾನು ಹಿಂದೆ, ಒಬ್ಬಳೇ.

ಸಂಜೆ ನೇಕಾರಗಿತ್ತಿ ಕಟ್ಟೆಯಲ್ಲಿ ನೂಲು ಸುತ್ತುತ್ತಿದ್ದಳು. ಊರು ಒಪ್ಪಿದೆ ಎಂದು ಬರೆದದ್ದನ್ನು ಅಳಿಸುವುದು ಹೇಗೆಂದು ನಾನು ಕೇಳಿದೆ. ಅವಳು ತಲೆ ಎತ್ತಲಿಲ್ಲ.

“ಯಾರಿಗ್ಗೊತ್ತರಿ ಅಕ್ಕಾರ. ಆದ್ರ ನಮ್ಮ ಮಗ್ಗದ ಸೀರಿ ಮಾತ್ರ ಚೊಲೋ ಕಂಡೈತಿ ಬಿಡ್ರಿ, ಅಷ್ಟು ದೊಡ್ಡ ಪರದೆ ಮ್ಯಾಲೆ.”