ದಂಡೆಯ ನೀರು ಸಿಹಿ

ನನ್ನ ಗಂಡ ಸಮುದ್ರ ನೋಡಿರಲೇ ಇಲ್ಲ. ಇಷ್ಟೇ ನಿಜ. ಉಳಿದದ್ದೆಲ್ಲ ಅವರು ನಮಗೆ ಹೇಳಿದ ಕಥೆ.

ಅವರು ಇಂಡಿ ಪೇಟೆಯಿಂದ ನಿಂಬೆಹಣ್ಣಿನ ಲಾರಿ ಹೊಡೆಯುತ್ತಿದ್ದರು. ಘಟ್ಟ ಇಳಿದು, ಸಮುದ್ರದ ದಂಡೆಯ ಪೇಟೆಗೆ ಮಾಲು ಮುಟ್ಟಿಸಿ ನಮ್ಮೂರು ಹೊರ್ತಿಗೆ ಮರಳಿದರೆ, ಕಾಲಿಗೆ ನೀರು ಕೊಡುತ್ತಲೇ ನಾನು ಕೇಳುತ್ತಿದ್ದೆ, "ಏನೇನು ನೋಡಿದ್ರಿ?" ಅವರು ಹೇಳುತ್ತಿದ್ದರು: ಮಾಲು ಇಳಿಸುವ ಕಟ್ಟೆ, ಎದುರಿಗೆ ಚಹಾದ ಅಂಗಡಿ, ಅಲ್ಲಿಂದ ಪಡುವಣಕ್ಕೆ ನಡೆದರೆ ಗುಡಿ, ಗುಡಿ ದಾಟಿದರೆ ಮೆಟ್ಟಿಲಿನ ಬಾವಿ, ಬಾವಿ ದಾಟಿದರೆ ಸಮುದ್ರ. ನಮ್ಮ ಕಡೆ ಹೊಳೆಗೆ ಹೋದವರು ಕಾಲಿಡುವ ಮೊದಲು ಒಂದು ಬೊಗಸೆ ನೀರನ್ನು ತೀರ್ಥವೆಂದು ಕುಡಿಯುತ್ತಾರೆ. ಸಮುದ್ರದ ನೀರನ್ನೂ ಹಾಗೇ ಕುಡಿದು ಬಂದೆ ಎನ್ನುತ್ತಿದ್ದರು.

"ಮುತ್ಯಾ, ಸಮುದ್ರದ ನೀರು ಉಪ್ಪು ಇರ್ತೈತಿ," ಎಂದು ಮೊಮ್ಮಗಳು ನಕ್ಕಳು.

"ಒಳಗ ಉಪ್ಪು. ದಂಡೀಗಿ ಸಿಹಿ. ನೀ ಕುಡದಿಯೇನು? ನಾ ಕುಡದೇನಿ."

ನಾನು ಗಂಡನ ಕಡೆಯೇ ನಿಂತೆ. "ಪುಸ್ತಕದಾಗಿನ ನೀರು ಕುಡದಾಕಿ, ಸುಮ್ಕಿರು," ಎಂದು ಅವಳನ್ನೇ ಬೈದೆ.

ಹೋದ ವರ್ಷ ಅವರು ತೀರಿಕೊಂಡರು. ಅವರು ನಡೆದ ದಾರಿಯಲ್ಲಿ ಒಮ್ಮೆ ನಡೆಯಬೇಕು, ಮತ್ತೇನೂ ಬೇಡ ಎಂದು ನನಗೆ ಹಟ. ಮೊಮ್ಮಗಳ ಜೊತೆ ಬಸ್ಸು ಹತ್ತಿದೆ. ಆ ಊರಲ್ಲಿ ಇಳಿದೊಡನೆ ಅವಳು ಮೊಬೈಲಿನಲ್ಲಿ ನಕ್ಷೆ ತೆಗೆದಳು.

"ಮುಚ್ಚಿಡು ಅದನ್ನ. ನಿಮ್ಮ ಮುತ್ಯಾ ದಾರಿ ಹೇಳ್ಯಾರ."

ಕಟ್ಟೆ ಇತ್ತು. ಚಹಾದ ಅಂಗಡಿಯೂ ಇತ್ತು. ನನಗೆ ಹೆಮ್ಮೆಯಾಯಿತು. ಪಡುವಣಕ್ಕೆ ನಡೆದೆವು. ಮೀನು ಒಣಹಾಕಿದ ಬಯಲು, ದೋಣಿ ರಿಪೇರಿಯ ಶೆಡ್ಡು, ಒಂದು ಲಾಡ್ಜು. ಗುಡಿ ಕೆಡವಿರಬೇಕು ಎಂದೆ. ಬಾವಿ ಮುಚ್ಚಿರಬೇಕು ಎಂದೆ. ಮೀನು ಮಗುಚುತ್ತಿದ್ದ, ನನ್ನಷ್ಟೇ ವಯಸ್ಸಿನ ಹೆಂಗಸನ್ನು ಕೇಳಿದೆ.

"ಇಲ್ಲಿ ಬಾವಿಯಾ? ನಾನು ಹುಟ್ಟಿದ್ದೇ ಇಲ್ಲಿ ಅಮ್ಮಾ. ಯಾವ ಬಾವಿಯೂ ಇರ್ಲಿಲ್ಲ."

ಸಮುದ್ರ ಬಂತು. ದೊಡ್ಡದಿದೆ, ಗದ್ದಲ ಮಾಡುತ್ತದೆ. ಸೆರಗು ಸಿಕ್ಕಿಸಿ ಬೊಗಸೆ ತುಂಬ ನೀರೆತ್ತಿ ಕುಡಿದೆ. ಗಂಟಲು ಸುಟ್ಟಿತು, ಉಗಿದೆ. ಸ್ವಲ್ಪ ಆಚೆ ಹೋಗಿ ಇನ್ನೊಂದು ಬೊಗಸೆ ಕುಡಿದೆ. ಅದೂ ಅಷ್ಟೇ.

"ಸಾಕು ಬಿಡು ಆಯಿ," ಎಂದಳು ಮೊಮ್ಮಗಳು. ಅವಳು ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

ಮರಳಿ ಬಂದು ಚಹಾದಂಗಡಿಯ ಮುದುಕನಿಗೆ ಗಂಡನ ಫೋಟೊ ತೋರಿಸಿದೆ.

"ಓ, ನಿಂಬೆಹಣ್ಣಿನ ಲಾರಿಯವರು! ಸಮುದ್ರ ನೋಡಿ ಬನ್ನಿ ಅಂದ್ರೆ ಕೇಳ್ತಿರಲಿಲ್ಲ. ಮಾಲು ಇಳಿಸೋದು, ಚಹಾ ಕುಡಿಯೋದು, ಆ ಕಟ್ಟೆ ಮೇಲೆ ಮಲಗೋದು. ಎದ್ದು ಹೊರಡೋದು."

"ಮತ್ತ ಗುಡಿ, ಬಾವಿ ಹೇಳತಿದ್ರಲ್ರಿ?"

"ಅದು ನಿಮ್ಮ ಕಡೆದೇ ಇರ್ಬೇಕಮ್ಮ."

ಆಗ ನನ್ನ ತಲೆಗೆ ಹೋಯಿತು. ಗಂಡ ಹುಟ್ಟಿದ ಊರು ಮುದ್ದೇಬಿಹಾಳದ ಕಡೆ, ಹೊಳೆಯ ದಂಡೆಗಿತ್ತು. ಆಣೆಕಟ್ಟಿನ ಹಿನ್ನೀರು ಬಂದು ಮುಳುಗಿತು. ನನ್ನ ಮದುವೆಗಿಂತ ಮೊದಲಿನ ಮಾತು. ಅತ್ತೆ ಆ ಊರಿನ ಗುಡಿ, ಮೆಟ್ಟಿಲಿನ ಬಾವಿ ನೆನೆದು ಅಳುತ್ತಿದ್ದರು. ಅತ್ತೆ ಮಾತು ತೆಗೆದರೆ ಇವರು ಎದ್ದು ಹೊರಗೆ ಹೋಗುತ್ತಿದ್ದರು. ಬಾವಿ ದಾಟಿದರೆ ಹೊಳೆ. ಹೊಳೆಯ ನೀರು ಸಿಹಿಯೇ. ಇಷ್ಟು ವರ್ಷ ಅವರು ನನ್ನನ್ನು ನಡೆಸಿದ್ದು ಆ ಊರಲ್ಲಿ. ಅಲ್ಲಿಗೆ ಇನ್ನು ಯಾರ ಕಾಲೂ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗಳು ಏಳುವ ಮೊದಲೇ ರಾತ್ರಿ ಉಳಿದಿದ್ದ ಲಾಡ್ಜಿನಿಂದ ಹೊರಬಿದ್ದು, ಅವರು ಮಲಗುತ್ತಿದ್ದ ಕಟ್ಟೆಯ ಮೇಲೆ ಕೈಯನ್ನೇ ತಲೆಗಿಟ್ಟು ಮಲಗಿದೆ. ಕಲ್ಲು ತಣ್ಣಗಿತ್ತು, ಒಂದು ಕಡೆ ಸವೆದಿತ್ತು. ಲಾರಿಯೊಂದು ಹಿಂದೆ ಸರಿಯುತ್ತ ಬಂತು. "ಏಳಿ ಅಮ್ಮಾ, ಮಾಲು ಇಳಿಸ್ಬೇಕು," ಎಂದ ಹಮಾಲ.

"ಇಳಸಪಾ," ಎಂದು ಕಾಲು ಮಡಚಿಕೊಂಡೆ, ಏಳಲಿಲ್ಲ.