ದೆವ್ವ ಎಂದು ಒಪ್ಪಿಕೊಂಡೆ

ಚಿಕ್ಕೇರೂರಿನಲ್ಲಿ ಗೆಳೆಯನ ಅಣ್ಣನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಸರಪಳಿಯಿಂದ ಬಿಗಿದಿದ್ದರು. ಬುದ್ಧಿ ಕೆಟ್ಟಿದ್ದ ಅವನು ಆ ಕಂಬಕ್ಕೇ ಹಣೆ ಚಚ್ಚಿಕೊಳ್ಳುವ ಸದ್ದು ಪಡಸಾಲೆಗೂ ಕೇಳುತ್ತಿತ್ತು. ಅಲ್ಲಿ ಅವನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದು ಕುಳಿತಿದ್ದರು. "ದೆವ್ವ ಬಡದೈತಿ ಅಂತ ಯಾಕ ಸುಳ್ಳು ಹೇಳ್ತೀರಿ? ಇದು ಮನಸಿನ ಬ್ಯಾನಿ" ಎಂದು ನಾನು ಅವನ ಅವ್ವನೊಡನೆ ವಾದಕ್ಕಿಳಿದೆ. ಆಕೆ ನನ್ನ ಬಾಯಿಗೆ ಕೈ ಒತ್ತಿದಳು.

"ಸುಮ್ನಿರೋ ತಮ್ಮಾ. ದೆವ್ವ ಇವತ್ತಲ್ಲ ನಾಳೆ ಬಿಟ್ಟು ಹೋಗತೈತಿ. ಬ್ಯಾನಿ ಅಂದ್ರ ಇವರ ರಕ್ತದಾಗ ಐತಿ ಅಂತಾರ. ನನ್ನ ಮಗಳನ್ನ ಯಾರ್ ಮಾಡ್ಕೋತಾರ?"

ಗಂಡಿನ ಕಡೆಯ ಹಿರಿಯರು ನನ್ನನ್ನು ಪಡಸಾಲೆಗೆ ಕರೆದು ಕೇಳಿದರು: "ನೀವ ಕಲ್ತವ್ರು, ಹೇಳ್ರಿ. ಏನದು?" ಚರ್ಚಾಕೂಟಗಳಲ್ಲಿ ಎಂದೂ ತಡವರಿಸದ ನಾನು ಬಾಗಿಲಲ್ಲಿ ನಿಂತಿದ್ದ ಆ ಅವ್ವನತ್ತ ನೋಡಿದೆ. "ದೆವ್ವ" ಎಂದೆ.

ಮದುವೆಯಾಯಿತು. ಆ ಹುಡುಗಿ ಕೊಂಚ ಜೋರಾಗಿ ನಕ್ಕರೂ ಗಂಡನ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರಂತೆ. ಈಗ ಆಕೆ ನಗುವುದನ್ನೇ ಬಿಟ್ಟಿದ್ದಾಳೆ.